ಹಲೋ ಅಕ್ಕನ ಮೂರಕ್ಷರದ ಊರು

ಹಲೋ ಅಕ್ಕನ್ನ ಅವಳ ಸ್ವಂತ ಹೆಸರು ಹಿಡಿದು ಕರೆಯೋರು ಈಗ ಪಿಂಚಣಿ ಆಫೀಸಿನವರು ಮಾತ್ರ. ಉಳಿದವರಿಗೆಲ್ಲ ಅವಳು ಹಲೋ ಅಕ್ಕ. ಯಾರಾದ್ರೂ ಬಾಗಿಲು ತಟ್ಟಿದ್ರೂ "ಹಲೋ", ಬೆಕ್ಕು ಮಿಯಾಂವ್ ಅಂದ್ರೂ "ಹಲೋ"! ಟೆಲಿಫೋನ್ ಎಕ್ಸ್‌ಚೇಂಜಲ್ಲಿ ಆಪರೇಟರ್ ಆಗಿದ್ದಾಗ ಅಂಟಿಕೊಂಡಿದ್ದು ಅದು. ಆಮೇಲೆ ಎಕ್ಸ್‌ಚೇಂಜ್ ಆಟೋಮ್ಯಾಟಿಕ್ ಆಯ್ತು, ಅವಳನ್ನ ಫೈಲುಗಳ ಮಧ್ಯೆ ಕೂರಿಸಿದ್ರು, ಹಾರ ಹಾಕಿ ಮನೆಗೂ ಕಳಿಸಿದ್ರು, ಆದ್ರೂ ಹಲೋ ಮಾತ್ರ ಬಿಟ್ಟುಹೋಗ್ಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅವಳಿಗೆ ಕೂತಲ್ಲಿ ಕೂರಕ್ಕಾಗ್ತಿರಲಿಲ್ಲ. ಯಾಕಂದ್ರೆ ಮೇಜಿನ ಮೇಲೆ ಅವಳ ಊರು ಇತ್ತು. ಊರು ಅಂದ್ರೆ ಒಂದು ಕ್ಯಾಸೆಟ್!

ಅದರ ಕಥೆ ಏನಪ್ಪಾ ಅಂದ್ರೆ, ಎಕ್ಸ್‌ಚೇಂಜಲ್ಲಿ ಮಧ್ಯಾಹ್ನದ ಹೊತ್ತು ಎಲ್ರೂ ಉಂಡು ಮಲಗಿದಾಗ ಬೋರ್ಡಿನ ಪುಟ್ಟ ದೀಪಗಳೂ ತೂಕಡಿಸ್ತಿದ್ವು. ಆಗ ಅಕ್ಕ ಕಣ್ಣು ಮುಚ್ಚಿ, ಬರೀ ದನಿಯಿಂದ ಗೊತ್ತಿದ್ದ ಜನಕ್ಕೆಲ್ಲ ಮನೆ ಕಟ್ಟಿಕೊಡ್ತಿದ್ಲು. ನಂಬರ್ ನಲವತ್ತರ ಕೆಮ್ಮೋ ವಕೀಲರಿಗೆ ಎತ್ತರದ ಕಿಟಕಿ. ನೂರ ಹದಿನೇಳರ ಜಗಳಗಂಟಿ ಅಕ್ಕತಂಗಿಯರಿಗೆ ಎರಡು ಕಿಟಕಿ, ಮಧ್ಯ ದಪ್ಪ ಗೋಡೆ. ಇನ್ನೂರ ಹದಿನಾಲ್ಕರಲ್ಲಿ ಒಬ್ಬಳು ಅಜ್ಜಿ ಇದ್ಲು, ದಿನಾ ಮೂರು ಗಂಟೆಗೆ ಸರಿಯಾಗಿ ಫೋನೆತ್ತಿ "ಟೈಮೆಷ್ಟಮ್ಮಾ?" ಅನ್ನೋಳು. ಅವಳ ಹಿಂದೆ ಅವಳದೇ ಗಡಿಯಾರ ಢಣ್ ಢಣ್ ಢಣ್ ಅಂತ ಮೂರು ಹೊಡೀತಾ ಇರೋದು! "ಮೂರು ಗಂಟೆ ಅಜ್ಜಿ" ಅಂತ ಅಕ್ಕ ಅಷ್ಟೇ ಗಂಭೀರವಾಗಿ ಹೇಳೋಳು. ಆ ಅಜ್ಜಿಗೆ ಬೀದಿ ಕೊನೇಲಿ ಒಂಟಿ ಕಿಟಕಿ.

ಇಪ್ಪತ್ನಾಲ್ಕನೇ ವಯಸ್ಸಲ್ಲಿ, ಟಿವಿಗೆ ಸಿಕ್ಕಿಸೋ ಕಂಪ್ಯೂಟರ್ ಮನೆಗೆ ಬಂದಾಗ, ಹೀಗೆ ಸೇರಿದ ಮೂವತ್ತಾರು ಕಿಟಕಿಗಳನ್ನೂ ಅಕ್ಕ ಪ್ರೋಗ್ರಾಂ ಮಾಡಿಟ್ಲು. ನಂಬರ್ ಒತ್ತಿದ್ರೆ ಆ ಮನೇಲಿ ಹಳದಿ ದೀಪ. ಅಷ್ಟೇ, ಇನ್ನೇನೂ ಇಲ್ಲ. ಆಗಿನ ಕಂಪ್ಯೂಟರಿಗೆ ಪ್ರೋಗ್ರಾಂ ಕೂಡಿಡಕ್ಕೆ ಹಾಡಿನ ಕ್ಯಾಸೆಟ್ಟೇ ಗತಿ; ಅದಕ್ಕೆ ತುಂಬಿಸಿ ಎತ್ತಿಟ್ಟಿದ್ದು ಮೂವತ್ತೆಂಟು ವರ್ಷ ಅಲ್ಲೇ ಇತ್ತು.

"ಟೇಪು ಹಪ್ಪಳ ಆಗಿದೆ ಕಣಕ್ಕಾ," ಅಂದ ತಮ್ಮ. ವಾಚ್ ರಿಪೇರಿಯವನು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡೇ ಬಂದಿದ್ದ. "ಒಂದು ಸಲ ಓಡಿದ್ರೆ ನಮ್ಮ ಪುಣ್ಯ. ಅಷ್ಟರಲ್ಲಿ ಈ ಕಾರ್ಡಿಗೆ ಹಾಕ್ಬಿಡೋಣ."

ಅಂಗೈಯಗಲದ ಕಾರ್ಟ್ರಿಜ್ ತಂದಿದ್ದ, ಅದರ ಬಾಯಿಗೆ ಎಸ್‌ಡಿ ಕಾರ್ಡ್. ಸ್ವಿಚ್ ಆಫ್ ಮಾಡಿ ಆ ಹಳೇ ಕಂಪ್ಯೂಟರ್ ಬೆನ್ನಿಗೆ ಚುಚ್ಚಿ ಆನ್ ಮಾಡಿದ್ರೆ ಪರದೆ ತುಂಬ ಗೀಚು! ಮತ್ತೆ ಆಫ್. ಪೆನ್ಸಿಲ್ ರಬ್ಬರಿಂದ ಕಾರ್ಟ್ರಿಜ್ಜಿನ ತಾಮ್ರದ ಹಲ್ಲುಗಳನ್ನ ಫಳಫಳ ಉಜ್ಜಿದ. ಈಗ ಮೆನು ಬಂತು, ಆದ್ರೆ ಕಾರ್ಡ್ ಕಾಣ್ತಿಲ್ಲ ಅಂತು.

"ಅರವತ್ನಾಲ್ಕು ಜಿಬಿ ಹಾಕಿದೀನಲ್ಲಕ್ಕಾ!"

"ಅದಕ್ಕೇ ಮತ್ತೆ. ಈ ಮುದುಕಿ ಗಂಟಲಿಗೆ ಅಷ್ಟು ದೊಡ್ಡ ತುತ್ತು ತುರುಕ್ತೀಯೇನೋ?"

ಹಳೇ ಮೊಬೈಲಿಂದ ಎರಡು ಜಿಬಿ ಕಾರ್ಡ್ ಕಿತ್ತು, ಅಡಾಪ್ಟರೊಳಗೆ ತೂರಿಸಿ, ಲ್ಯಾಪ್‌ಟಾಪಲ್ಲಿ ಫಾರ್ಮ್ಯಾಟ್ ಮಾಡಕ್ಕೆ ಕೂತ. "ಫಾರ್ಮ್ಯಾಟು ಫ್ಯಾಟ್ ಥರ್ಟಿಟೂ ಇರಬೇಕಂತೆ."

"ನಿನ್ನ ಸೊಂಟ ಥರ್ಟಿಟೂ ಆಗಿದ್ದು ಯಾವ ಕಾಲದಲ್ಲೋ!"

ಮತ್ತೆ ಚುಚ್ಚಿ ಆನ್ ಮಾಡಿದ್ರೆ ಕಾರ್ಟ್ರಿಜ್ ಮೇಲೆ ಹಸಿರು ದೀಪ ಮಿಣುಕ್ ಅಂತು. ಅಕ್ಕನಿಗೆ ಹಳೇ ಬೋರ್ಡಲ್ಲಿ ಯಾರೋ ಫೋನೆತ್ತಿದ ಹಾಗೇ ಇತ್ತು!

ಕರ್ಟನ್ ಎಳೆದ್ರು, ಕೋಣೆ ನೀರಿನೊಳಗಿನ ಥರ ಆಯ್ತು. ಕಂಪ್ಯೂಟರಿಗೆ ಜೋಡಿಸಿದ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದ್ರು; ಅದರಲ್ಲಿ ಬೇರೆ ಆಟಗಳೂ ಇದ್ದಿದ್ರಿಂದ ಹೆಸರು ಕೊಟ್ಟೇ ಹುಡುಕಬೇಕು. ಊರು ತಾನೇ ಅಂತ ತಮ್ಮ ಓ, ಓ, ಆರ್, ಯು ಹೊಡೆದ. ಟೇಪು ಕಿರ್ರ್ ಅಂತ ಹಾಡಕ್ಕೆ ಶುರುಮಾಡ್ತು. ಮೊದಲು ಒಂದು ಹಾವಿನಾಟ ಸಿಕ್ತು, ದಾಟಿಕೊಂಡು ಹೋಯ್ತು. ಆಮೇಲೆ ಪರದೆ ಮೇಲೆ ಮೂರೇ ಅಕ್ಷರ ಬಂತು: ಯು, ಆರ್, ಯು. ಅದನ್ನೂ ದಾಟಿಕೊಂಡು ಹೊರಟೇಬಿಡ್ತು!

"ಅಯ್ಯೋ, ಅದೇ ಕಣೋ! ನಿಲ್ಸೋ!"

ತಮ್ಮ ಗಾಬರಿಯಲ್ಲಿ ರಿವೈಂಡ್ ಒತ್ತಿದ. ಟೇಪು ಸರ್ರಂತ ಹಿಂದೆ ಓಡಿ, ಟಪ್.

ಸರಿಯಾಗಿ ಊರಿನ ನಟ್ಟನಡುವೆ ತುಂಡಾಗಿತ್ತು.

"ಅಂಟಿಸ್ತೀನಿ ಅಕ್ಕಾ."

"ಅಂಟಿಸಿದ ಜಾಗದಲ್ಲಿ ಒಂದಕ್ಷರ ಹೋದ್ರೂ ಲೋಡ್ ಆಗಲ್ಲ, ಬಿಡು." ಅಕ್ಕನ ದನಿ ಎಲ್ಲೋ ದೂರದ ಟ್ರಂಕ್ ಕಾಲ್ ಥರ ಇತ್ತು. ವಕೀಲರು, ಅಕ್ಕತಂಗಿಯರು, ಅಜ್ಜಿ, ಎಲ್ಲರ ಲೈನೂ ಒಟ್ಟಿಗೇ ಕಟ್ ಆದ ಹಾಗೆ.

ತಮ್ಮನಿಗೆ ಅಳು, ಕೋಪ ಎರಡೂ. "ಅಲ್ಲಕ್ಕಾ, ಯಾರಾದ್ರೂ ಊರನ್ನ ಯು ಆರ್ ಯು ಅಂತ ಬರೀತಾರಾ? ಅದು ಉರು! ಪರೀಕ್ಷೆಗೆ ಹೊಡೀತಾರಲ್ಲ, ಆ ಉರು!"

ಅಕ್ಕ ಮೆಲ್ಲಗೆ ತಲೆ ಎತ್ತಿದ್ಲು. "ಏನಂದೆ?"

"ಉರು ಅಂದೆ..."

"ಏಳೋ, ಕುರ್ಚಿ ಬಿಡು."

ಕೂತ್ಲು. ಕಣ್ಣು ಮುಚ್ಚಿದ್ಲು. ಎರಡು ಕೈಯೂ ಹಳೇ ಬೋರ್ಡಿನ ವೈರುಗಳನ್ನ ಹುಡುಕೋ ಹಾಗೆ ಗಾಳಿಯಲ್ಲಿ ಒಂದು ಕ್ಷಣ ನಿಂತ್ವು. ಆಮೇಲೆ ಕೀಬೋರ್ಡಿಗೆ ಇಳಿದ್ವು. "ನಲವತ್ತು, ಎಡಗಡೆ, ಎತ್ತರ. ನೂರ ಹದಿನೇಳು, ಎರಡು, ಮಧ್ಯ ಗೋಡೆ..." ಅಬ್ಬಬ್ಬಾ! ಒಂದೂ ತಪ್ಪಿಲ್ಲ, ಎಲ್ಲಾ ಉರು ಹೊಡೆದಿಟ್ಟಿದ್ಲು! ಚೌಕ ಬಿಡಿಸಿ ಬಣ್ಣ ತುಂಬೋ ಸಾಲುಗಳನ್ನ ಮಾತ್ರ ತಮ್ಮ ಹಳೇ ಕೈಪಿಡಿಯಿಂದ ಓದಿ ಹೇಳಿದ. ಹತ್ತು ಕಿಟಕಿಗೊಂದು ಸಲ ಕಾರ್ಡಿಗೆ ಸೇವ್ ಮಾಡಿದ್ಲು, ಪ್ರತಿ ಸಲಾನೂ ಹಸಿರು ದೀಪ ಮಿಣುಕ್ ಅಂತಿತ್ತು. ಕರ್ಟನ್ ಅಂಚಿನ ಬಿಸಿಲು ನೆಲದ ಮೇಲೆ ತೆವಳಿ, ಗೋಡೆ ಹತ್ತಿ, ಕೇಸರಿಯಾಗಿ ಆರಿಹೋಯ್ತು. ಇಬ್ಬರಿಗೂ ಗೊತ್ತೇ ಆಗ್ಲಿಲ್ಲ.

"ಈಗಾದ್ರೂ ಓ ಓ ಹಾಕ್ತೀಯಾ ಅಕ್ಕಾ?"

"ಯು ಆರ್ ಯು. ಬಾಯಿ ಮುಚ್ಕೊಂಡಿರು."

ಈಗ ಉಳಿದಿದ್ದು ಒಂದೇ, ಆರಿಸಿ ಹಚ್ಚಿದ್ಮೇಲೂ ಊರು ಇರತ್ತಾ ಅಂತ ನೋಡೋದು. ತಮ್ಮ ಸ್ವಿಚ್ ಆಫ್ ಮಾಡಿದ. ಊರಿಗೆ ಊರೇ ಕತ್ತಲು. ಅಕ್ಕ ಅವನ ತೋಳು ಚಿವುಟಿ ಹಿಡಿದಿದ್ಲು. ಮತ್ತೆ ಆನ್.

ಮೆನುವಿನಲ್ಲಿ ಮೂರಕ್ಷರ ಇತ್ತು! ಒತ್ತಿದ್ಲು. ಕಿರ್ರ್ ಇಲ್ಲ, ಕಾಯೋದಿಲ್ಲ, ರೆಪ್ಪೆ ಬಡಿಯೋದ್ರಲ್ಲಿ ಮೂವತ್ತಾರು ಕಪ್ಪು ಕಿಟಕಿ ಬಂದು ನಿಂತ್ವು. ಎರಡು, ಒಂದು, ನಾಲ್ಕು.

ಬೀದಿ ಕೊನೇಲಿ ಹಳದಿ ದೀಪ ಹತ್ತಿಕೊಂಡ್ತು.

ತಮ್ಮನ ಕೈಗಡಿಯಾರದಲ್ಲಿ ಆರೂ ಹತ್ತು. "ಹಲೋ," ಅಂದ್ಲು ಅಕ್ಕ, ಮೆತ್ತಗೆ. "ಮೂರು ಗಂಟೆ ಅಜ್ಜಿ."