ನೆರಳು ಕೊಡದ ಚಪ್ಪರ

ಬೆಳಿಗ್ಗೆ ಐದೂ ನಲವತ್ತಕ್ಕೆ ನಾನು ಹಿತ್ತಲಲ್ಲಿ ಕೂತು ಕಾಫಿ ಕುಡಿಯುತ್ತೇನೆ. ಮೂವತ್ತೆಂಟಕ್ಕಲ್ಲ, ನಲವತ್ತೆರಡಕ್ಕೂ ಅಲ್ಲ. ಬಹಳ ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದೆ. ಕೊನೆಕೊನೆಗೆ ಉಳಿದ ನರ್ಸುಗಳನ್ನು ಹೆದರಿಸುವುದೇ ನನ್ನ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಹೆದರಿಸಲು ಯಾರೂ ಸಿಗದೆ ಗಡಿಯಾರವನ್ನು ಹೆದರಿಸಿಕೊಂಡಿದ್ದೇನೆ. ಕಳೆದ ತಿಂಗಳು ಒಂದು ದಿನ ಸರಿಯಾಗಿ ಅದೇ ಹೊತ್ತಿಗೆ, ತಲೆಯ ಮೇಲಿನ ಚಪ್ಪರದಿಂದ ಬೆರಳುದ್ದದ ಮರದ ಚೂರೊಂದು ಕಳಚಿ ನೇರ ನನ್ನ ಲೋಟಕ್ಕೆ ಬಿತ್ತು. ಬಿಸಿಲು, ಗಾಳಿ, ಹುಳ ಎಲ್ಲರೂ ಹಂಚಿಕೊಂಡು ತಿಂದು ಹಗುರಾಗಿದ್ದ ಚೂರು. ಬಿಸ್ಕತ್ತಿನ ಹಾಗೆ ತೇಲಿ, ಬಿಸ್ಕತ್ತಿನ ಹಾಗೆಯೇ ನೆನೆಯತೊಡಗಿತು.

"ಅದ್ದಿಕೊಂಡು ತಿನ್ನು, ನಿಮ್ಮಪ್ಪ ಕಳಿಸಿರೋದು" ಅಂದರು ನಮ್ಮ ಯಜಮಾನರು.

ಚಪ್ಪರ ಅಂದ ಕೂಡಲೇ ನೀವು ಮದುವೆ ಮನೆಯ ತೆಂಗಿನ ಗರಿಯ ಚಪ್ಪರ ನೆನೆಸಿಕೊಳ್ಳಬೇಡಿ. ಇದು ನಾಲ್ಕು ಕಂಬದ್ದು. ಕಂಬಗಳ ತಲೆಯ ಮೇಲೆ ಚೌಕವಾಗಿ ಕೂಡಿಸಿದ ನಾಲ್ಕು ತೊಲೆ, ತೊಲೆಯಿಂದ ತೊಲೆಗೆ ಸಂದು ಬಿಟ್ಟು ಸಾಲಾಗಿ ಜೋಡಿಸಿದ ಮರದ ಪಟ್ಟಿ. ಪಟ್ಟಿಗೆ ನಮ್ಮ ಕಡೆ ರೀಪು ಅಂತಾರೆ. ಈಗಿನವರು ಇಂಥದ್ದಕ್ಕೆ ಪರ್ಗೋಲಾ ಅಂತ ಹೆಸರಿಟ್ಟು, ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಮ್ಮದು ಚಳ್ಳಕೆರೆಯ ಹಿತ್ತಲು, ಆದ್ದರಿಂದ ಚಪ್ಪರ.

ಅದನ್ನು ಕಟ್ಟಿದವನು ನನ್ನ ನಾಯನ. ನನ್ನ ತವರು ಮೊಳಕಾಲ್ಮೂರಿನ ನೇಕಾರರ ಮನೆ. ಮನೆಯೊಳಗೆ ತೆಲುಗು, ಹೊಸ್ತಿಲು ದಾಟಿದರೆ ಕನ್ನಡ, ಅಪ್ಪ ಮಾತ್ರ ಎರಡೂ ಕಡೆ ನಾಯನ. ನಡುಮನೆಯ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದ ಮನುಷ್ಯ. ಸೂರ್ಯ ಹುಟ್ಟುವ ಮೊದಲೇ ಲಾಳಿಯ ಸದ್ದು ಶುರುವಾಗಬೇಕು, ಊಟಕ್ಕೆ ನಿಲ್ಲಬೇಕು, ದೀಪ ಹಚ್ಚುವ ಹೊತ್ತಿಗೆ ಮುಗಿಯಬೇಕು. ಸದ್ದು ಅರ್ಧ ಗಳಿಗೆ ತಡವಾದರೆ ಪಕ್ಕದ ಮನೆಯವರು ಬಂದು "ಜ್ವರ ಏನಾದ್ರೂ ಬಂತಾ?" ಅಂತ ಕೇಳುತ್ತಿದ್ದರು. ನನ್ನ ಗಡಿಯಾರದ ಹುಚ್ಚು ನರ್ಸಿಂಗ್ ಹಾಸ್ಟೆಲಿನದು ಅಂತ ಜನ ಅಂದುಕೊಂಡಿದ್ದಾರೆ. ಹಾಸ್ಟೆಲ್ ಬರೀ ಪಾಲಿಶ್ ಹಾಕಿತು, ಅಷ್ಟೆ.

ದಿನವಿಡೀ ತುಳಿಯಲಾಗದಷ್ಟು ಕಾಲು ಕೈಕೊಟ್ಟ ಮೇಲೆ ನಾಯನ ಮಗ್ಗ ಬಿಚ್ಚಿದ. ಮಗ್ಗದ ಮರವನ್ನು ಒಲೆಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಮಾರಲು ಅವನಿಗೆ ಮನಸ್ಸಿರಲಿಲ್ಲ. ಕಂಬ, ತೊಲೆ ಎಲ್ಲವನ್ನೂ ಬಸ್ಸಿನ ಮೇಲೆ ಹೇರಿಕೊಂಡು ಚಳ್ಳಕೆರೆಗೆ ಬಂದ. ಕಂಡಕ್ಟರ್ "ಏನ್ ತಾತಾ, ಇಷ್ಟು ವರ್ಷ ಆದ್ಮೇಲೆ ಮಗಳಿಗೆ ಬಳುವಳಿನಾ?" ಅಂದನಂತೆ. ನಾಯನ "ಹೂಂ, ಅಳಿಯ ಈಗ ಒಪ್ಪಿದ" ಅಂದನಂತೆ. ಹೊಸದಾಗಿ ತಂದದ್ದು ಮೇಲಿನ ರೀಪು ಮಾತ್ರ. ಎರಡು ದಿನದಲ್ಲಿ ಚಪ್ಪರ ಎದ್ದು ನಿಂತಿತು.

ನಿಂತಿತು, ಆದರೆ ನೆರಳು ಕೊಡಲಿಲ್ಲ.

ಸೂರ್ಯ ಹೋಗುವುದು ಪೂರ್ವದಿಂದ ಪಶ್ಚಿಮಕ್ಕೆ. ರೀಪುಗಳನ್ನು ಅದಕ್ಕೆ ಅಡ್ಡ, ಉತ್ತರ ದಕ್ಷಿಣವಾಗಿ ಹಾಕಿದ್ದರೆ ಬಿಸಿಲಿಗೆ ತಡೆಯಾಗುತ್ತಿತ್ತು. ನಮ್ಮ ಚಪ್ಪರದಲ್ಲಿ ರೀಪುಗಳು ಸೂರ್ಯನ ದಾರಿಯುದ್ದಕ್ಕೂ, ಅವನಿಗೇ ಹಳಿ ಹಾಕಿಕೊಟ್ಟ ಹಾಗೆ ಮಲಗಿದ್ದವು. ಬೆಳಿಗ್ಗೆ ಬಿದ್ದ ಬಿಸಿಲಿನ ಪಟ್ಟೆ ಸಂಜೆಯವರೆಗೂ ಬಿದ್ದ ಜಾಗ ಬಿಟ್ಟು ಅಲುಗದು. ಚಳ್ಳಕೆರೆಯ ಬಿಸಿಲು ನಿಮಗೆ ಗೊತ್ತಲ್ಲ, ಇಲ್ಲಿನ ಎಣ್ಣೆ ಮಿಲ್ಲುಗಳು ಕಡಲೆಕಾಯಿಗೆ ಮಾಡುವುದನ್ನು ಅದು ಮನುಷ್ಯರಿಗೆ ಮಾಡುತ್ತದೆ. ಯಜಮಾನರಿಗೆ ಕೂದಲು ಬೇಗ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಅವರ ಬೋಳು ತಲೆಯ ಮೇಲೆ ಮೂರು ಪಟ್ಟೆ ಬಿಸಿಲು. ದೇವರಿಗೆ ಕೈ ಮುಗಿಯದವರಿಗೂ ಪುಕ್ಕಟೆ ವಿಭೂತಿ.

ಈ ಕಥೆಯನ್ನು ನಾನು ಹೇಳದ ಸಮಾರಂಭವಿಲ್ಲ. ನಾಮಕರಣದಲ್ಲಿ, ಗೃಹಪ್ರವೇಶದಲ್ಲಿ, ನಾಯನ ಎದುರಿಗೆ ಕೂತಿದ್ದಾಗಲೂ, "ನಲವತ್ತು ವರ್ಷ ಹಾಸು ಯಾವುದು ಹೊಕ್ಕು ಯಾವುದು ಅಂತ ನೋಡಿದವನು, ಮಗಳ ಮನೆಗೆ ಬಂದಾಗ ಉದ್ದ ಅಡ್ಡ ಮರೆತ" ಅಂತ ಶುರು ಮಾಡುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಾಯನನೂ ನಗುತ್ತಿದ್ದ. ಬೇಸಿಗೆಯಲ್ಲಿ ನಮ್ಮ ಮನೆಗೆ ಬಂದಾಗ ತಲೆಯ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಅದೇ ಚಪ್ಪರದಡಿ ಕೂರುತ್ತಿದ್ದ. ಎಲ್ಲಿ ಕೂತರೂ ಪಟ್ಟೆ ಮೈಮೇಲೆಯೇ, ಮತ್ತೆ ಮತ್ತೆ ಕುರ್ಚಿ ಒಂದು ಗೇಣು ಸರಿಸುತ್ತಿದ್ದ. "ನೋಡು ನಿನ್ನ ಕೈಕೆಲಸ" ಅಂದರೆ "ಅವುನಮ್ಮಾ, ತಪ್ಪಾಯ್ತು" ಅನ್ನುತ್ತಿದ್ದ. ಅವನು ಹೋಗಿ ಹನ್ನೊಂದು ವರ್ಷವಾಯಿತು. ಕಥೆಯನ್ನು ಮಾತ್ರ ನಾನು ಹೋಗಗೊಡಲಿಲ್ಲ.

ಇಲ್ಲಿ ಇನ್ನೊಂದು ಕಥೆ ಹೇಳಬೇಕು. ನಾನು ಚಿಕ್ಕವಳಿದ್ದಾಗ ಒಬ್ಬ ಸೀರೆ ವ್ಯಾಪಾರಿ ಸೆರಗಿನ ನವಿಲುಗಳು ಇಂಥ ಕಡೆಗೇ ಮುಖ ಮಾಡಿರಬೇಕು ಅಂತ ಹಠ ಹಿಡಿದ. ನಾಯನ ಒಂದು ಸಲ "ಬೇಡ್ರಿ" ಅಂದ, ಆಮೇಲೆ ಸುಮ್ಮನೆ ನೇಯ್ದ. ಸೀರೆ ಉಟ್ಟಾಗ ನವಿಲುಗಳೆಲ್ಲ ಬಾವಲಿಗಳ ಹಾಗೆ ತಲೆಕೆಳಗಾಗಿ ನೇತಾಡಿದವು. ವ್ಯಾಪಾರಿ ಮನೆ ಬಾಗಿಲಿಗೆ ಬಂದು ಕೂಗಾಡಿದ. ನಾಯನ "ನನ್ನ ಕೈ ತಪ್ಪು" ಅಂತ ಸೀರೆ ವಾಪಸು ಇಟ್ಟುಕೊಂಡ. ನಾನು ಕುದಿದುಹೋದೆ. "ಹಂಗೇ ಬೇಕು ಅಂದಿದ್ದು ಅವನೇ ಅಲ್ವಾ?" ಅಂತ ಕೇಳಿದರೆ, "ಮಗ್ಗ ಯಾರ್ದು? ನನ್ದು. ಮಗ್ಗದಿಂದ ಇಳಿದ ಮೇಲೆ ತಪ್ಪೂ ನನ್ದೇ" ಅಂದ. ನಮ್ಮ ಬೀದಿಯಲ್ಲಿ ಎಲ್ಲರ ರೀತಿಯೂ ಅದೇ. ಹೇಳಿದವರ ಹೆಸರು ಎತ್ತುವಂತಿಲ್ಲ. ನನಗೆ ಅದು ಶುದ್ಧ ದಡ್ಡತನ ಅನ್ನಿಸಿತ್ತು. ಆಸ್ಪತ್ರೆಯಲ್ಲಿ ನಾನು ಯಾರು ಏನು ಹೇಳಿದರು ಅಂತ ಎಲ್ಲವನ್ನೂ ಬರೆದಿಡಿಸುತ್ತಿದ್ದೆ, ಸಹಿ ಸಮೇತ.

ಸರಿ, ಕಾಫಿಗೆ ಬಿದ್ದ ಚೂರಿಗೆ ಬರೋಣ. ಯಜಮಾನರಿಗೆ ಆಗಷ್ಟೇ ಕಣ್ಣಿನ ಆಪರೇಷನ್ ಆಗಿತ್ತು. ಚುಚ್ಚುವ ಬೆಳಕಿನಲ್ಲಿ ಕೂರಬಾರದು ಅಂತ ಡಾಕ್ಟರು ಹೇಳಿದ್ದರು. ಮನೆಯೊಳಗೆ ಕೂರಿಸಿದರೆ ಗಂಟೆಗೊಮ್ಮೆ ಫ್ರಿಜ್ಜಿನ ಬಾಗಿಲು ತೆಗೆದು ಒಳಗಿನವರ ಆರೋಗ್ಯ ವಿಚಾರಿಸುತ್ತಾರೆ. ಹಿತ್ತಲಲ್ಲಿ ನೆರಳು ಬೇಕೇಬೇಕಾಗಿತ್ತು. ಹೇಗೂ ರೀಪು ಬದಲಿಸಬೇಕು, ಜೊತೆಗೆ ನಾಯನನ ತಪ್ಪನ್ನೂ ತಿದ್ದಿಬಿಡೋಣ, ನನ್ನ ಕಥೆಗೆ ಒಂದು ಹೊಸ ಕೊನೆಯೂ ಸಿಗುತ್ತದೆ ಅಂತ ಲೆಕ್ಕ ಹಾಕಿದೆ. ನಿಜ ಹೇಳುತ್ತೇನೆ, ಸತ್ತ ಅಪ್ಪನ ಮೇಲೆ ಕೊನೆಗೂ ಗೆಲ್ಲುವ ಖುಷಿಯೂ ಸ್ವಲ್ಪ ಇತ್ತು.

ಬಡಗಿ ಖಾಸಿಂ ಸಾಬಿ ಏಣಿ ಹತ್ತಿದ. ನಾನು ಕೆಳಗೆ ನಿಂತು, ಯಾವ ಮೊಳೆ ಮೊದಲು ಕೀಳಬೇಕು ಅಂತ ಹೇಳತೊಡಗಿದೆ.

"ಅಮ್ಮಾ, ನೀವು ಹೇಳ್ತಾ ಇರ್ರಿ, ನಾ ಕೀಳ್ತಾ ಇರ್ತೀನಿ. ಎರಡೂ ಬ್ಯಾರೆ ಬ್ಯಾರೆ ಕೆಲಸ" ಅಂದ.

ಹಳೆಯ ರೀಪುಗಳು ಹಪ್ಪಳದಂತೆ ಮುರಿದುಕೊಂಡು ಬಂದವು. ಮಗ್ಗದ ತೊಲೆಗಳು ಮಾತ್ರ ಕಲ್ಲಿನ ಹಾಗಿದ್ದವು. ಹೊಸ ರೀಪು ಕೂರಿಸಲು ಉತ್ತರದ ತೊಲೆಯಲ್ಲಿ ಕಚ್ಚು ಕೊರೆಯಬೇಕೆಂದು ಖಾಸಿಂ ಹಳೆಯ ಬಣ್ಣ ಕೆರೆದ. ಕೆರೆದವನು ಕೈ ನಿಲ್ಲಿಸಿದ.

"ಅರೇ! ಇಲ್ಲಿ ಮೊದಲೇ ಕಚ್ಚು ಐತಲ್ಲಮ್ಮಾ!"

"ಎಲ್ಲಿ?"

"ಇಲ್ಲೂ ಐತೆ. ಇಲ್ಲೂ. ಉದ್ದಕ್ಕೂ ಐತೆ. ಯಾರೋ ಉಸ್ತಾದ್ ಕೊರೆದು, ಎಲ್ಲಕ್ಕೂ ಮರದ ತುಂಡು ಹೊಡೆದು ಮುಚ್ಚಿ, ಬಣ್ಣ ಬಳಿದಾನೆ. ಭಾಳ ನಾಜೂಕು ಕೆಲಸ. ಕೊರೆದಿದ್ದನ್ನ ಯಾಕ್ ಮುಚ್ಚಿದ?"

ದಕ್ಷಿಣದ ತೊಲೆಯಲ್ಲೂ ಅಷ್ಟೇ. ಒಂದಕ್ಕೊಂದು ಎದುರುಬದುರು, ಕೂದಲೆಳೆಯ ವ್ಯತ್ಯಾಸವಿಲ್ಲ. ನಾಯನ ಮೊದಲು ರೀಪುಗಳನ್ನು ಅಡ್ಡವೇ ಹಾಕಲು ಹೊರಟಿದ್ದ. ಸರಿಯಾಗಿಯೇ ಹೊರಟಿದ್ದ. ಆಮೇಲೆ ಯಾಕೆ ತಿರುಗಿಸಿದ?

ಹಿಂದಿನಿಂದ ಕೆಮ್ಮಿದ ಸದ್ದು. ಯಜಮಾನರು ಕಪ್ಪು ಕನ್ನಡಕ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ನೀನು ಎರಡು ಗಂಟೆಗೆ ಡ್ಯೂಟಿ ಮುಗಿಸಿ ಬಂದೆ ಅವತ್ತು" ಅಂದರು. "ಮಾವ ಆಗಲೇ ಐದಾರು ರೀಪು ಕೂರಿಸಿದ್ರು. ನೀನು ತಲೆ ಮೇಲಿನ ಟೋಪಿನೂ ತೆಗೀಲಿಲ್ಲ. ಇಲ್ಲೇ, ಈ ಬಾಗಿಲಾಗೆ ನಿಂತ್ಕಂಡು ಏನಂದೆ ಹೇಳು?"

"ಏನಂದೆ?"

"'ಇದೇನು ನಾಯನಾ, ಏಣಿ ಮಲಗಿಸ್ದಂಗೈತೆ. ವಾರ್ಡಿನಾಗೆ ಮಂಚದ ಸಾಲು ಹೆಂಗಿರುತ್ತೆ? ಬಾಗಿಲಿಂದ ನೋಡಿದ್ರೆ ನೆಟ್ಟಗೆ ಹೋಗ್ಬೇಕು. ಎಲ್ಲಾ ತಿರುಗಿಸು.' ಇಷ್ಟು ಹೇಳಿ ಊಟಕ್ಕೆ ಹೋದೆ. ಎರಡೂ ಹತ್ತಕ್ಕೆ ನಿನ್ನ ಊಟ."

ನಾನು "ಸುಳ್ಳು" ಅನ್ನಲು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಅವತ್ತಿನ ನಾಯನ ಕಣ್ಣ ಮುಂದೆ ಬಂದ. ಏಣಿಯ ಮೇಲೆ ನಿಂತಿದ್ದಾನೆ, ಬಾಯಲ್ಲಿ ಮೊಳೆ ಕಚ್ಚಿಕೊಂಡಿದ್ದಾನೆ. ನನ್ನ ಕಡೆ ನೋಡಿ, ಮೊಳೆಗಳನ್ನು ಒಂದೊಂದಾಗಿ ಅಂಗೈಗೆ ಉಗುಳಿ, "ಎಂಡ ವಸ್ತುಂದಮ್ಮಾ" ಅಂದ. ಬಿಸಿಲು ಬರುತ್ತದಮ್ಮಾ. ನಾನು "ಬರಲಿ, ಸಾಲು ನೆಟ್ಟಗಿರಲಿ" ಅಂದೆ. "ಸರೇಲೇಮ್ಮಾ" ಅಂದು ಮೊಳೆ ಮತ್ತೆ ಬಾಯಿಗೆ ಹಾಕಿಕೊಂಡ. ನನ್ನ ಊಟದ ತಟ್ಟೆಯ ಸದ್ದಿನ ಜೊತೆಗೆ ಹೊರಗೆ ಸುತ್ತಿಗೆಯ ಸದ್ದು ಕೇಳುತ್ತಿದ್ದದ್ದೂ ನೆನಪಾಯಿತು.

"ಇಷ್ಟು ವರ್ಷ ನೀವ್ಯಾಕೆ ಹೇಳಲಿಲ್ಲ?"

"ಮಾವ ಬ್ಯಾಡ ಅಂದಿದ್ರು. 'ಕಟ್ಟಿದ್ದು ನಾನು, ತಪ್ಪು ನನ್ದೇ ಇರ್ಲಿ' ಅಂದ್ರು. ನಾನೂ ಸುಮ್ನಾದೆ. ಸುಟ್ಟಿದ್ದು ನನ್ ತಲೆ, ನಿಂದಲ್ಲ."

ಖಾಸಿಂ ಏಣಿಯ ಮೇಲಿನಿಂದ ಕೇಳಿದ: "ರೀಪು ಯಾವ ಕಡೆ ಹಾಕ್ಲಿ ಅಮ್ಮಾ?"

"ಕಚ್ಚು ಎಲ್ಲೈತೋ ಅಲ್ಲಿಗೆ ಹಾಕಪ್ಪಾ" ಅಂದು ಒಳಗೆ ಹೋಗಿಬಿಟ್ಟೆ. ಅವನು ಮುಚ್ಚಿದ ತುಂಡುಗಳನ್ನು ಒಂದೊಂದಾಗಿ ಎಬ್ಬಿಸಿದ. ಹೊಸ ರೀಪುಗಳು ಅಳತೆ ಕೊಟ್ಟು ಮಾಡಿಸಿದ ಹಾಗೆ ಅಲ್ಲಿ ಕೂತವಂತೆ. ನಾನು ನೋಡಲಿಲ್ಲ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದೆ. ಅವತ್ತಿನ ಅಡುಗೆಗೆ ಈರುಳ್ಳಿ ಬೇಕಿರಲಿಲ್ಲ.

ತಪ್ಪು ವರದಿ ಕೊಟ್ಟವರು ತಿದ್ದುಪಡಿಯನ್ನೂ ಕೊಡಬೇಕು, ಅದು ನಾನೇ ನರ್ಸುಗಳಿಗೆ ಕಲಿಸಿದ್ದು. ಸಂಜೆ ಮೊಳಕಾಲ್ಮೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗಳಿಗೆ ಫೋನು ಮಾಡಿದೆ. ಅವಳಿಗೆ ಹೇಳಿದರೆ ಬೇರೆ ಯಾರಿಗೂ ಹೇಳಬೇಕಾಗಿಲ್ಲ. ಎಲ್ಲವನ್ನೂ, ಏಣಿ, ಮೊಳೆ, ಕಚ್ಚು ಒಂದೂ ಬಿಡದೆ ಒಪ್ಪಿಸಿದೆ.

"ಅಲ್ಲಕ್ಕಾ, ಇದೇನು ಹೊಸಾದು? ನಮಗೆಲ್ಲ ಗೊತ್ತಿತ್ತಲ್ಲ!"

"ನಾಯನ ಹೇಳಿದ್ನಾ?"

"ದೊಡ್ಡಪ್ಪ ಯಾಕೆ ಹೇಳ್ತಾನೆ? ನಿನ್ನ ಮನೆಯಾಗೆ ನಿನ್ನ ಕೇಳ್ದಂಗೆ ಯಾರಾದ್ರೂ ಒಂದು ಮೊಳೆ ಹೊಡೆಯಾಕಾಗುತ್ತಾ? ಅಷ್ಟೂ ತಿಳಿಯಲ್ವಾ ನಮಗೆ? ನೀನು ಆ ಕಥೆ ಹೇಳಿದಾಗೆಲ್ಲ ನಾವು ನಗ್ತಿದ್ದಿದ್ದು ಮತ್ಯಾಕೆ ಅಂದ್ಕಂಡಿದ್ದೆ?"

ಅಂದರೆ ಅಷ್ಟೂ ನಾಮಕರಣ, ಅಷ್ಟೂ ಗೃಹಪ್ರವೇಶಗಳಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕವರು ನಕ್ಕದ್ದು ನನ್ನನ್ನು ನೋಡಿ. ಹಾಗಾದರೆ ನಾಯನ? ಅವನು ಯಾವುದಕ್ಕೆ ನಗುತ್ತಿದ್ದ? ಅದಕ್ಕೆ ಉತ್ತರ ಕೊಡಬೇಕಾದವನ ಡ್ಯೂಟಿ ಮುಗಿದು ಹನ್ನೊಂದು ವರ್ಷವಾಯಿತು.

ಇದನ್ನು ಬರೆಯುತ್ತಿರುವುದು ಚಪ್ಪರದ ಕೆಳಗೆ, ಬೆಳಿಗ್ಗೆ ಹತ್ತು ಗಂಟೆಗೆ. ಹಿತ್ತಲಲ್ಲಿ ಈ ಹೊತ್ತಿಗೆ ಕೂತದ್ದೇ ಇಲ್ಲ ನಾನು. ನಾಯನ ಟವೆಲ್ ಹಾಕಿಕೊಂಡು ಕೂರುತ್ತಿದ್ದ ಜಾಗದಲ್ಲೇ ಕುರ್ಚಿ ಹಾಕಿದ್ದೇನೆ, ಒಂದು ಸಲವೂ ಸರಿಸಬೇಕಾಗಿ ಬಂದಿಲ್ಲ. ಪಕ್ಕದಲ್ಲಿ ಯಜಮಾನರು ಕನ್ನಡಕ ತೆಗೆದು ತೂಕಡಿಸುತ್ತಿದ್ದಾರೆ. ತಲೆಯ ಮೇಲೆ ವಿಭೂತಿ ಇಲ್ಲ. ಅರ್ಧ ಕಣ್ಣು ತೆರೆದು, "ಹೆಂಗೆ, ಸಾಲು ಈಗ ಏಣಿ ಕಂಡಂಗೆ ಕಾಣುತ್ತಾ?" ಅಂದರು.

ಕಾಣುತ್ತದೆ. ಬಾಗಿಲಿಂದ ನೋಡಿದರೆ ಎಲ್ಲ ಅಡ್ಡಡ್ಡ, ಕಣ್ಣಿಗೆ ಒಂಚೂರೂ ಚೆನ್ನಾಗಿಲ್ಲ. ನೆರಳಲ್ಲಿ ಕೂತು ನೋಡುತ್ತಿದ್ದೇನೆ.