ಅವ್ವ ಕೇಳಿದ ಟೀವಿ ನಾಟಕ

ಟೆಲಿವಿಷನ್ ಎಂಬ ಪೆಟ್ಟಿಗೆಯನ್ನು ಕಣ್ಣಾರೆ ಕಾಣುವ ಎಷ್ಟೋ ವರ್ಷ ಮೊದಲೇ ನಾನು ಒಂದು ಇಂಗ್ಲಿಷ್ ಧಾರಾವಾಹಿಯನ್ನೂ ಅದರ ಮುಂದಿನ ಭಾಗಗಳನ್ನೂ ಅರೆದು ಕುಡಿದಿದ್ದೆ ಎಂದರೆ ನೀವು ನಂಬಲಿಕ್ಕಿಲ್ಲ. ಅದೂ ಹೊಳೆನರಸೀಪುರದ ನಮ್ಮ ಅಡುಗೆಮನೆಯಲ್ಲಿ ಕೂತು.

ಅರವತ್ತರ ದಶಕದ ಮಾತು. ಅಕ್ಕ ಡಾಕ್ಟರ್ ಭಾವನ ಜೊತೆ ಇಂಗ್ಲೆಂಡಿಗೆ ಹೋಗಿದ್ದಳು. ಅವಳ ನೀಲಿ ಕಾಗದದ ತುಂಬ, ವಾರವಾರ ಟೀವಿಯಲ್ಲಿ ಬರುತ್ತಿದ್ದ ನಾಟಕದ ಕಥೆ: ಗಂಡ ಸತ್ತ ಒಬ್ಬ ಮುದುಕಿ, ಅವಳ ಮನೆಯಲ್ಲಿ ಬಾಡಿಗೆಗಿದ್ದ ಮೂವರು ತರಲೆಗಳು, ಮುದುಕಿಯ ಕೆಮ್ಮು. ಅವ್ವನಿಗೆ ಓದು ಬಾರದು. ಆಗತಾನೆ ಮೇಷ್ಟರಾಗಿದ್ದ ನಾನು ಗತ್ತಿನಿಂದ ಓದಿ ಹೇಳುತ್ತಿದ್ದೆ. ಹಳೇಕೋಟೆಯಿಂದ ಬಂದಿದ್ದ ಚಿಕ್ಕವ್ವ ಮುಂದಿನ ಕಾಗದ ಬರುವವರೆಗೆ ಊರಿಗೆ ಹೊರಡಲೇ ಇಲ್ಲ.

ಅಕ್ಕನ ವಿಷಯ ಮಾತ್ರ ಕೊನೆಯಲ್ಲಿ ಒಂದೇ ಸಾಲು. "ಇವರು ಸದಾ ಆಸ್ಪತ್ರೆಯಲ್ಲಿ. ಪಕ್ಕದ ಮನೆಯವರ ಹೆಸರೂ ನನಗೆ ಗೊತ್ತಿಲ್ಲ" ಎಂದು ಒಮ್ಮೆ ಬರೆದಿದ್ದಳು. ನಾವೆಲ್ಲ ನಕ್ಕೆವು. ಅವ್ವ ನಗಲಿಲ್ಲ.

ಮಾರನೆಯ ದಿನವೇ ಶುಂಠಿ, ಮೆಣಸು, ಹಿಪ್ಪಲಿ ಕುಟ್ಟಿ ಪೊಟ್ಟಣ ಕಟ್ಟಿ, "ಕೆಮ್ಮೋ ಮುದ್ಕಿಗೆ ಕೊಡು ಅಂತ ಬರ್ದು ಕಳ್ಸು ಕಣ್ಲಾ" ಎಂದಳು. ನಾನು ತಲೆ ಚಚ್ಚಿಕೊಂಡೆ. ಅದು ನಾಟಕ, ಆಕೆ ವೇಷ ಹಾಕಿದವಳು, ಕೆಮ್ಮೂ ಸುಳ್ಳು ಎಂದು ನನ್ನ ಮೇಷ್ಟರಿಕೆಯನ್ನೆಲ್ಲ ಖರ್ಚು ಮಾಡಿದೆ. ಅವ್ವ ಜಗ್ಗಲಿಲ್ಲ.

ಮುಗಿದ ಕಥೆಯನ್ನು ಎಬ್ಬಿಸಿ ಕೂರಿಸುವ ಚಟ ಇಂಗ್ಲಿಷರಿಗೆ ಮಾತ್ರವಲ್ಲ. ನಮ್ಮ ಹರಿಕಥೆ ದಾಸರೂ, ಮಂಗಳ ಹಾಡಿದ ಮೇಲೂ ಜನ ಏಳದಿದ್ದರೆ, ಇನ್ನೊಂದು ಉಪಕಥೆ ತೆಗೆಯುತ್ತಿದ್ದರು. ಇಲ್ಲೂ ಹಾಗೆಯೇ, ಪೊಟ್ಟಣ ಹಡಗಿನಲ್ಲಿ ತೇಲಿ ತಲುಪುವಷ್ಟರಲ್ಲಿ ಮುಗಿದುಹೋಗಿದ್ದ ನಾಟಕದ ಎರಡನೆಯ ಭಾಗ ಶುರುವಾಗಿ, ಮುದುಕಿ ಕೆಮ್ಮು ವಾಸಿಯಾಗಿ ಮರುಮದುವೆಗೆ ಸಿದ್ಧಳಾಗಿದ್ದಳು.

ಮುಂದಿನ ಕಾಗದದಲ್ಲಿ ನಾಟಕಕ್ಕೆ ಎರಡೇ ಸಾಲು. ಪುಡಿಯನ್ನು ಎಸೆಯಲು ಮನಸ್ಸಾಗದೆ ಅಕ್ಕ, ಗೋಡೆಯಾಚೆ ದಿನವೂ ಕೆಮ್ಮುತ್ತಿದ್ದ ನಿಜವಾದ ಮುದುಕಿಯ ಮನೆಗೆ ಹೋದಳಂತೆ. ಆಕೆ ಪುಡಿ ನೆಕ್ಕಿ, ಕಣ್ಣಲ್ಲಿ ನೀರು ತಂದುಕೊಂಡು, ಅಕ್ಕನ ಕೈ ಹಿಡಿದು ಬಿಡಲೇ ಇಲ್ಲವಂತೆ. ಈಗ ಇಬ್ಬರೂ ಒಟ್ಟಿಗೆ ಕೂತೇ ಟೀವಿ ನೋಡುವುದಂತೆ.

ಓದಿ ಮುಗಿಸಿ ಕಾಗದ ಮಡಿಸಿದೆ. ದೊಡ್ಡ ಮನಸ್ಸು ಮಾಡಿ, "ನೋಡವ್ವ, ನೀನು ತಿಳೀದೆ ಮಾಡಿದ್ದೂ ಒಳ್ಳೇದೇ ಆಯ್ತು" ಎಂದೆ.

ಅವ್ವ ಮುದ್ದೆ ಕಟ್ಟುತ್ತ ನನ್ನ ಕಡೆ ತಿರುಗಲೂ ಇಲ್ಲ. "ನಾಟ್ಕ ಅಂತ ನಂಗೊತ್ತಿರ್ನಿಲ್ವೇನ್ಲಾ? ಅಷ್ಟ್ ಚಳಿ ಊರ್ನಾಗೆ ಪಕ್ಕದ ಮನೇಲಿ ಯಾರಾರ ಕೆಮ್ತಾನೇ ಇರ್ತಾರೆ. ಬರೀ ಕೈಲಿ ಓಗಿ ಬಾಗ್ಲು ತಟ್ಟಕ್ಕೆ ನಿಮ್ಮಕ್ಕಂಗೆ ನಾಚ್ಕೆ ಕಣ್ಲಾ."