ಬಳೆ ಕಾಣದ ಕೈ

“ಅಲ್ಲಾಡಬೇಡಿ” ಎಂಬ ಒಂದೇ ಮಾತಿನಿಂದ ನಾನು ಬಹಳ ವರ್ಷ ಅನ್ನ ತಿಂದಿದ್ದೇನೆ. ಓದಿದ್ದು ನಾಲ್ಕನೆಯ ತರಗತಿ. ಆಮೇಲೆ ಸ್ಲೇಟು ಬಿಟ್ಟು ಬೆಂಗಳೂರಿನ ದಂಡು ಪ್ರದೇಶದಲ್ಲಿ ಒಬ್ಬ ಫೋಟೋದವರ ಹತ್ತಿರ ಗಾಜಿನ ಪ್ಲೇಟು ತೊಳೆಯುವ ಕೆಲಸಕ್ಕೆ ಸೇರಿದೆ. ಎಂಟು ವರ್ಷ ತೊಳೆದೆ. ತೊಳೆಯುತ್ತಾ ನೋಡಿದೆ, ನೋಡುತ್ತಾ ಕಲಿತೆ, ಯಾರೂ ಕೂರಿಸಿಕೊಂಡು ಹೇಳಿಕೊಡಲಿಲ್ಲ. ಮುಳಬಾಗಿಲಿನಲ್ಲಿ ಸ್ವಂತ ಅಂಗಡಿ ಇಟ್ಟಾಗ ನನ್ನ ವಯಸ್ಸು ಇಪ್ಪತ್ತೆರಡು. ಕ್ಯಾಮೆರಾ ಪೆಟ್ಟಿಗೆಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಈ ಕಡೆ ಕೋಲಾರ, ಮಾಲೂರು, ಆ ಕಡೆ ಶ್ರೀನಿವಾಸಪುರದವರೆಗೆ ತುಳಿದಿದ್ದೇನೆ. ಆ ಊರುಗಳ ಗೋಡೆಗಳ ಮೇಲೆ ನಾನು ತೆಗೆದ ಮದುವೆ ಫೋಟೋಗಳು ಇವತ್ತಿಗೂ ಇವೆ. ಒಂದಾದರೂ ಹಳದಿ ತಿರುಗಿದ್ದರೆ ತಂದು ತೋರಿಸಲಿ.

ನನ್ನ ಕೆಲಸದಲ್ಲಿ ಕಷ್ಟವೆಂದರೆ ಎಳೆಯ ಮಕ್ಕಳು. ದೊಡ್ಡವರಿಗೆ ಉಸಿರು ಹಿಡಿಯಿರಿ ಎಂದರೆ ಹಿಡಿಯುತ್ತಾರೆ. ಮೂರು ತಿಂಗಳ ಕೂಸಿಗೆ ಹೇಳುವವರು ಯಾರು? ನೆರಳಿನಲ್ಲಿ ತೆಗೆದರೆ ನಾನು ಮೂರು ಎಣಿಸುವವರೆಗೆ ಅದು ಅಲ್ಲಾಡದೆ ಇರಬೇಕು. ಅದಕ್ಕೆ ದಂಡಿನ ನಮ್ಮ ಗುರುಗಳ ಅಂಗಡಿಯಲ್ಲಿ ಒಂದು ಉಪಾಯವಿತ್ತು. ತಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ, ತಲೆಯ ಮೇಲಿಂದ ಕಾಲಿನವರೆಗೆ ಜಮಖಾನ ಹೊದಿಸಿ, ಆ ಜಮಖಾನದ ಮೇಲೆ, ಅವಳ ತೊಡೆಯ ಮೇಲೆಯೇ, ಮಗುವನ್ನು ಕೂರಿಸುವುದು. ಫೋಟೋದಲ್ಲಿ ಬರುವುದು ಬಟ್ಟೆ ಹೊದಿಸಿದ ಕುರ್ಚಿ ಮತ್ತು ಮಗು. ಮಗುವಿಗೆ ಮಾತ್ರ ತಾನು ಅಮ್ಮನ ತೊಡೆಯ ಮೇಲಿದ್ದೇನೆ ಎಂದು ಗೊತ್ತು.

ಯುದ್ಧದ ಕಾಲ ಅದು. ಕುರುಡುಮಲೆ ದಾರಿಯ ಒಂದು ಹಳ್ಳಿಯಿಂದ ಒಬ್ಬ ಯಜಮಾನರು ಅಂಗಡಿಗೆ ಬಂದರು. ರಾಗಿ ಬೆಳೆದು, ಹಿಪ್ಪುನೇರಳೆ ಸೊಪ್ಪು ಹಾಕಿ ರೇಷ್ಮೆಹುಳು ಸಾಕುವ ಮನೆ. ಅವರ ಒಬ್ಬನೇ ಮಗ ದಂಡಿನ ಲಾರಿ ಓಡಿಸಲು ಬರ್ಮಾ ಕಡೆ ಹೋಗಿದ್ದ. ಹೋದಾಗ ಹೆಂಡತಿ ಬಸುರಿ. ಈಗ ಗಂಡುಮಗು ಹುಟ್ಟಿ, ಸೊಸೆ ತವರಿನಿಂದ ಬಂದಿದ್ದಾಳೆ, ಮಗುವಿನ ಫೋಟೋ ಕಳಿಸಿ ಎಂದು ಮಗ ಕಾಗದದ ಮೇಲೆ ಕಾಗದ ಬರೆಯುತ್ತಿದ್ದಾನೆ.

ಮರುದಿನವೇ ಹೋದೆ. ತಾಯಿ ಮಗು ಇಬ್ಬರನ್ನೂ ಸೇರಿಸಿ ತೆಗೆಯುತ್ತೇನೆ ಎಂದೆ. ಯಜಮಾನರ ಹೆಂಡತಿ ಒಪ್ಪಲಿಲ್ಲ.

“ಗಂಡ ಪಕ್ಕದಲ್ಲಿಲ್ದೆ ಹೆಂಡ್ತಿ ಒಬ್ಳೇ ಫೋಟೋಕ್ಕೆ ಕೂರೋದಾ? ಅದೂ ಅವ್ನು ಯುದ್ಧದಾಗಿರುವಾಗ? ಅಪಶಕುನ, ಬ್ಯಾಡಪ್ಪಾ, ಮಗೂದು ಮಾತ್ರ ತೆಗಿ.”

ಜಗಲಿಯ ಮೇಲೆ ಕುರ್ಚಿ ಹಾಕಿಸಿ ನಮ್ಮ ಉಪಾಯವನ್ನೇ ಮಾಡಿದೆ. ಸೊಸೆ ಜಮಖಾನದೊಳಗೆ ಕುಳಿತಳು. ಮಗುವಿಗೆ ಇನ್ನೂ ಬೆನ್ನು ನಿಲ್ಲುತ್ತಿರಲಿಲ್ಲ, ಆದ್ದರಿಂದ ಅವಳ ಒಂದು ಕೈ ಮಾತ್ರ ಹೊರಗೆ ಬಂದು ಅದರ ಹೊಟ್ಟೆಯನ್ನು ಹಿಡಿದುಕೊಂಡಿತು. ಆ ಕೈತುಂಬ ಗಾಜಿನ ಬಳೆ. ಬಳೆ ಹೊಳೆದರೆ ಪ್ಲೇಟಿನಲ್ಲಿ ಕಲೆ ಬೀಳುತ್ತದೆ. “ತಾಯಿ, ಬಳೆ ಮೇಲಕ್ಕೆ ಏರಿಸ್ಕೋ” ಎಂದೆ. ಅವಳು ಮೊಣಕೈವರೆಗೆ ಏರಿಸಿ ಜಮಖಾನದೊಳಗೆ ಮರೆಮಾಡಿಕೊಂಡಳು. ಒಂದು, ಎರಡು, ಮೂರು. ಮಗುವಿನ ರೆಪ್ಪೆಗೂದಲೂ ಎಣಿಸುವ ಹಾಗೆ ಬಂದಿತ್ತು. ಪ್ರಿಂಟು ಹಾಕಿ ಕೊಟ್ಟೆ, ಅವರು ದಂಡಿನ ಟಪಾಲಿಗೆ ಹಾಕಿದರು. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ನಾನೂ ಮರೆತೆ.

ಎರಡು ತಿಂಗಳ ಮೇಲೆ ಒಂದು ದಿನ ಯಜಮಾನರು ಮತ್ತೆ ಬಂದರು. ಅಂಗಡಿಯಲ್ಲಿ ನಾಲ್ಕು ಜನ ಕುಳಿತಿದ್ದರು. ಅವರೆಲ್ಲರ ಮುಂದೆಯೇ ಕೂಗಿದರು:

“ಏಮಯ್ಯಾ ಫೋಟೋದವ್ನೇ! ಚೆನ್ನಾಗಿರೋ ನನ್ನ ಸೊಸೇನ ಸಾಯ್ಸಿಬಿಟ್ಯಲ್ಲಯ್ಯಾ!”

ನನಗೂ ಸಿಟ್ಟು ಬಂತು. “ಯಜಮಾನ್ರೇ, ಮಾತು ನೋಡ್ಕೊಂಡು ಆಡಿ. ನಾನು ಅವಳ ಫೋಟೋನೇ ತೆಗ್ದಿಲ್ಲ.”

“ಅದೇ ಕಣಯ್ಯಾ ನೀನು ಮಾಡಿದ್ದು!” ಎಂದು ಒಂದು ಕಾಗದವನ್ನು ಮೇಜಿನ ಮೇಲೆ ಹಾಕಿದರು. ಮಗ ಬರೆದದ್ದು. ನಾನು ಅಕ್ಷರ ಕೂಡಿಸಿಕೊಂಡು ಓದಿದೆ.

ಫೋಟೋ ತಲುಪಿತು, ಮಗು ಚೆನ್ನಾಗಿದೆ, ಆದರೆ ಅದನ್ನು ಹಿಡಿದಿರುವ ಕೈ ಬೋಳುಗೈ ಎಂದು ಬರೆದಿದ್ದ. ಅವರ ಮನೆಯಲ್ಲಿ ಬಳೆಯಿಲ್ಲದ ಕೈ ಒಂದೇ, ಗಂಡ ತೀರಿಹೋಗಿ ತವರಿನಲ್ಲೇ ಇದ್ದ ಅವನ ಸೋದರತ್ತೆಯದು. ‘ತಾಯಿ ಇದ್ದಿದ್ದರೆ ಮಗು ತಾಯಿಯ ತೊಡೆಯ ಮೇಲೆ ಇರುತ್ತಿತ್ತು. ಹೆರಿಗೆಯಲ್ಲೇ ಅವಳು ಹೋದಳು, ನೀವು ಮುಚ್ಚಿಟ್ಟಿದ್ದೀರಿ. ಅವಳು ಕ್ಷೇಮ ಎಂದು ಮೇಷ್ಟ್ರ ಕೈಲಿ ಎಷ್ಟು ಬರೆಸಿದರೂ ನಂಬುವುದಿಲ್ಲ. ಮಗುವನ್ನು ಸೋದರತ್ತೆಯೇ ಸಾಕಲಿ. ಅವಳಿಲ್ಲದ ಮನೆಗೆ ಬಂದು ನಾನು ಮಾಡುವುದೇನು? ಯುದ್ಧದ ಮುಂದಿನ ಸಾಲಿಗೆ ಹೋಗುವ ಲಾರಿಗೆ ಜನ ಕೇಳುತ್ತಿದ್ದಾರೆ, ಹೆಸರು ಕೊಡುತ್ತೇನೆ.’

ನಾನು ಹಳೆಯ ಪ್ಲೇಟನ್ನು ಹುಡುಕಿ ತೆಗೆದು ಬೆಳಕಿಗೆ ಹಿಡಿದೆ. ತಪ್ಪಿಲ್ಲದ ಕೆಲಸ ಎಂದು ನಾನು ಮೆರೆದಿದ್ದ ಆ ಗಾಜಿನಲ್ಲಿ ಒಂದು ಕೈ ಇತ್ತು. ಜಮಖಾನದ ಅಂಚಿನಿಂದ ಬಂದ ಬೋಳುಗೈ. ಬಳೆ ಏರಿಸು ಎಂದದ್ದು ಬೇರೆ ಯಾರೂ ಅಲ್ಲ, ನಾನು. ಇಷ್ಟು ವರ್ಷ ಬೆಳಕು ನೋಡಿದ್ದೆ, ನೆರಳು ನೋಡಿದ್ದೆ. ಸಾವಿರ ಮೈಲಿ ದೂರದಲ್ಲಿ ಕುಳಿತು ಆ ಫೋಟೋ ನೋಡುವವನು ಏನು ನೋಡುತ್ತಾನೆ ಎಂದು ಯೋಚಿಸಿರಲಿಲ್ಲ.

“ನಡೀರಿ” ಎಂದೆ. ಅಂಗಡಿಯಲ್ಲಿದ್ದವರನ್ನು ನಾಳೆ ಬನ್ನಿ ಎಂದು ಕಳಿಸಿ ಬೀಗ ಹಾಕಿದೆ. ಯುದ್ಧದಿಂದಾಗಿ ಪ್ಲೇಟು ಸಿಗುತ್ತಿರಲಿಲ್ಲ. ಉಳಿದದ್ದು ಎರಡು. ಎರಡನ್ನೂ ತೆಗೆದುಕೊಂಡೆ.

ಹಳ್ಳಿಗೆ ಹೋದರೆ ಜಗಲಿ ಹತ್ತಲು ಬಿಡಲಿಲ್ಲ. ರೇಷ್ಮೆಹುಳು ಕೊನೆಯ ಜ್ವರದಿಂದ, ಎಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದು ಸೊಪ್ಪು ತಿನ್ನುತ್ತಿದ್ದ ಹೊತ್ತು, ಆಗ ಹೊರಗಿನವರು ಹುಳುವಿನ ಮನೆಯೊಳಗೆ ಕಾಲಿಡುವ ಹಾಗಿಲ್ಲ. ಹುಳುವಿನ ತಟ್ಟೆಗಳು ಜಗಲಿಯವರೆಗೂ ತುಂಬಿದ್ದವು. “ಹಿತ್ಲಾಗೆ ಬಾಪ್ಪಾ” ಎಂದು ಯಜಮಾನಿ ಸುತ್ತಿ ಬರುವಂತೆ ಕೈ ತೋರಿಸಿದರು. ಹಿತ್ತಲಲ್ಲಿ ಒಂದು ಬಚ್ಚಲ ಕಲ್ಲು, ಒಲೆಯ ಮೇಲೆ ನೀರಿನ ಹಂಡೆ, ಕಣ್ಣು ಕುಕ್ಕುವ ಬಿಸಿಲು.

ಈ ಸಲ ಯಜಮಾನಿ ಶಕುನದ ಮಾತು ಎತ್ತಲಿಲ್ಲ. ತಾವೇ ಸೊಸೆಗೆ ಧಾರೆ ಸೀರೆ ಉಡಿಸಿ, ತಮ್ಮ ಕೊರಳಿನ ಸರ ಹಾಕಿ, ಕೈತುಂಬ ಬಳೆ ಕಾಣುವ ಹಾಗೆ ಕೂರಿಸಿದರು. ಮಗು ಈಗ ಆರು ತಿಂಗಳಿನದು. ಅದನ್ನು ಅವಳ ತೊಡೆಯ ಮೇಲೆ ಇಟ್ಟು, ಅಲ್ಲಾಡಬೇಡಿ ಎಂದು ಒಂದು ಪ್ಲೇಟು ತೆಗೆದೆ.

ಎದ್ದು ನಿಂತ ಸೊಸೆ ಮೊದಲ ಸಲ ನನ್ನೊಡನೆ ನೇರವಾಗಿ ಮಾತಾಡಿದಳು. “ಅಣ್ಣಾ, ಇದನ್ನ ಕಳಿಸ್ಬೇಡಿ.”

“ಯಾಕಮ್ಮಾ?”

“ಹಿಂಗೆ ಬೊಂಬೆ ಥರ ಕೂತ್ರೆ ನಾನು, ನನ್ನ ತಂಗಿ ಇಬ್ರೂ ಒಂದೇ. ಮದ್ವೇಲೇ ಅವ್ರು ಎರಡು ಸಲ ಏಮಾರಿ ಅವಳನ್ನ ಕರ್ದಿದ್ರು. ಈಗ ಅಕ್ಕ ಸತ್ಳು, ಮಗು ನೋಡ್ಕೊಳ್ಳೋಕೆ ತಂಗೀನ ತಂದು ಕೂರ್ಸವ್ರೆ ಅಂದ್ಕೋತಾರೆ.”

ಯಜಮಾನರು ತಲೆಯ ಮೇಲೆ ಕೈ ಇಟ್ಟುಕೊಂಡು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು. ಅವಳು ಹೇಳಿದ್ದು ಸುಳ್ಳೂ ಆಗಿರಲಿಲ್ಲ. ಹೆಂಡತಿ ತೀರಿಹೋದರೆ ಅವಳ ತಂಗಿಯನ್ನು ತರುವುದು ನಮ್ಮ ಕಡೆ ಎಷ್ಟು ಮನೆಯಲ್ಲಿ ಇಲ್ಲ?

“ಮತ್ತೆ ಏನು ತೆಗೀಲಿ?” ಎಂದೆ. “ಇರೋದು ಒಂದೇ ಪ್ಲೇಟು.”

“ನಂಗೇನು ಗೊತ್ತು? ಸೀರೆ ಬಿಚ್ಚಿಟ್ಟು ಬರ್ತೀನಿ. ಮಗೂಗೆ ನೀರು ಹಾಕೋ ಹೊತ್ತಾಯ್ತು” ಎಂದು ಒಳಗೆ ಹೋದಳು.

ಹಳೆಯ ಸೀರೆಯನ್ನು ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಬಂದಳು. ಬಚ್ಚಲ ಕಲ್ಲಿನ ಮೇಲೆ ಕಾಲು ನೀಡಿ ಕುಳಿತು, ಎಣ್ಣೆ ಹಚ್ಚಿದ ಮಗುವನ್ನು ಕಾಲುಗಳ ಮೇಲೆ ಮಲಗಿಸಿಕೊಂಡಳು. ಯಜಮಾನಿ ಚೊಂಬಿನಲ್ಲಿ ನೀರು ಹುಯ್ಯತೊಡಗಿದರು. ನಾನು ಇದ್ದೇನೆ ಎಂಬುದು ಸ್ವಲ್ಪ ಹೊತ್ತಿಗೆ ಇಬ್ಬರಿಗೂ ಮರೆತುಹೋಯಿತು.

“ನೀರು ಸುಡ್ತದೆ ಅತ್ತೆಮ್ಮಾ.”

“ಸುಡ್ತದಂತೆ! ನಿನ್ನ ಗಂಡಂಗೆ ಇದ್ಕಿಂತ ಬಿಸೀದು ಹುಯ್ದಿವ್ನಿ. ಅದ್ಕೇ ಕಲ್ಲಿನಂಗವ್ನೆ.”

“ಅದ್ಕೇ ಕಿವೀನೂ ಕೇಳಲ್ಲ” ಎಂದಳು ಸೊಸೆ.

“ಏಯ್! ನನ್ನ ಮಗನ್ನ ಅಂತೀಯೇನೇ?” ಎಂದು ಯಜಮಾನಿ ಚೊಂಬನ್ನು ಇನ್ನೂ ಎತ್ತರಕ್ಕೆ ಎತ್ತಿ ಸುರಿದರು. ಮಗು ಎರಡೂ ಕಾಲಿನಿಂದ ಒದ್ದಿತು. ಕಡಲೆಹಿಟ್ಟಿನ ನೀರು ಸೊಸೆಯ ಮುಖದ ತುಂಬ ಹಾರಿತು. ಅವಳು ಒಂದು ಕಣ್ಣು ಮುಚ್ಚಿ, ಬಾಯಿ ತೆರೆದು, ತಲೆ ಹಿಂದಕ್ಕೆ ಹಾಕಿ ನಕ್ಕಳು.

ನಾನು ಕ್ಯಾಮೆರಾದ ಕಪ್ಪು ಬಟ್ಟೆಯಿಂದ ಹೊರಬಂದು, ಒತ್ತಿದರೆ ಫೋಟೋ ಬೀಳುವ ರಬ್ಬರಿನ ಚೆಂಡು ಕೈಯಲ್ಲಿ ಹಿಡಿದು ನಿಂತಿದ್ದೆ. ಅಲ್ಲಾಡಬೇಡಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ನುಂಗಿಕೊಂಡೆ. ಆ ಬಿಸಿಲಿಗೆ ಮೂರು ಎಣಿಸುವ ಕೆಲಸವಿರಲಿಲ್ಲ, ಕಣ್ಣು ಮಿಟುಕಿಸುವಷ್ಟು ಸಾಕಾಗಿತ್ತು. ಚೆಂಡು ಒತ್ತಿದೆ.

ಸಂಜೆ ಪ್ಲೇಟು ತೊಳೆದು ಪ್ರಿಂಟು ಹಾಕಿ ನೋಡಿದೆ. ಮಗುವಿನ ಒಂದು ಕಾಲು ಹೊಗೆಯ ಹಾಗೆ ಕದಡಿಹೋಗಿತ್ತು. ನೀರಿನ ಹನಿಗಳು ಬಿಳಿ ಗೀರುಗಳಾಗಿದ್ದವು. ಸೊಸೆಯ ಸೆರಗು ಅಂಕುಡೊಂಕು. ದಂಡಿನ ನಮ್ಮ ಗುರುಗಳು ನೋಡಿದ್ದರೆ ಪ್ಲೇಟನ್ನು ನೆಲಕ್ಕೆ ಹಾಕುತ್ತಿದ್ದರು. ಆದರೆ ಅವಳ ಮುಖ ಇತ್ತು. ಇಡೀ ಜಿಲ್ಲೆಯಲ್ಲಿ ಹುಡುಕಿದರೂ ಹಾಗೆ ನಗುವ ಇನ್ನೊಂದು ಮುಖ, ತಂಗಿಯದೇ ಆಗಲಿ, ಸಿಗುತ್ತಿರಲಿಲ್ಲ. ಎರಡು ಪ್ರಿಂಟನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದೆ. ಬೊಂಬೆಯದು ನನ್ನ ಕಸುಬಿಗೆ ಗೌರವ ತರುವಂಥದ್ದು. ಬಚ್ಚಲಿನದು ನಗೆಪಾಟಲು.

ಬೆಳಿಗ್ಗೆ ಯಜಮಾನರು ಬಂದು ನೋಡಿದರು. “ಇದೇನಯ್ಯಾ, ಮೊಮ್ಮಗನ ಕಾಲು ಎಲ್ಲೋಯ್ತು?”

“ಒದೀತಾ ಇತ್ತು ಯಜಮಾನ್ರೇ. ಒದೆಯೋ ಕಾಲು ಹಂಗೇ ಬರೋದು. ಇದನ್ನೇ ಕಳಿಸಿ. ಇನ್ನೊಂದನ್ನ ನಾನು ಕೊಡಲ್ಲ.”

“ನಮ್ಮವಳು ಅದ್ರಾಗೆ ಚೊಂಬು ಎತ್ಕೊಂಡು ಜಗಳಗಂಟಿ ಥರ ಬಂದವ್ಳಲ್ಲೋ.”

“ಮಗ ಗುರುತು ಹಿಡೀಲಿ ಬಿಡಿ” ಎಂದೆ. ಅವರಿಗೂ ನಗು ಬಂತು. ನಾನೇ ಅಂಚೆಕಚೇರಿಗೆ ಹೋಗಿ ಟಪಾಲಿಗೆ ಹಾಕಿಸಿದೆ.

ಆಮೇಲೆ ಕಾದದ್ದು ಅವರೊಬ್ಬರೇ ಅಲ್ಲ. ಫೋಟೋ ತಲುಪುವ ಮೊದಲೇ ಅವನು ಆ ಲಾರಿಗೆ ಹೆಸರು ಕೊಟ್ಟುಬಿಟ್ಟಿದ್ದರೆ? ಮದುವೆ ಮನೆಗಳಲ್ಲಿ ಗಂಡು ಹೆಣ್ಣನ್ನು ನಿಲ್ಲಿಸಿ ಎಣಿಸುವಾಗಲೂ ಅದೇ ಯೋಚನೆ. ಮನೆಯಲ್ಲಿ ನನ್ನ ಹೆಂಡತಿ ಕೇಳಿದಳು, “ಯಾರ ಮನೆ ಮಗನಿಗೋ ನೀವ್ಯಾಕೆ ಊಟ ಬಿಡ್ತೀರಿ?” ತಟ್ಟೆ ಸರಿಸಿ ಎದ್ದೆ. ಬೇರೆಯವರ ತಪ್ಪಾಗಿದ್ದರೆ ಉಣ್ಣುತ್ತಿದ್ದೆ.

ರಾಗಿ ಕೊಯ್ಲಿನ ಹೊತ್ತಿಗೆ ಯಜಮಾನರು ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಒಡೆಯದ ಕಾಗದ. ಮೇಷ್ಟ್ರು ಊರಲ್ಲಿಲ್ಲವಂತೆ. “ನೀನೇ ಓದಯ್ಯಾ” ಎಂದು ಬಾಗಿಲಲ್ಲೇ ನಿಂತರು. ಒಳಗೆ ಬರಲಿಲ್ಲ, ಕೂರಲಿಲ್ಲ.

ನನ್ನ ನಾಲ್ಕನೆಯ ತರಗತಿಯ ಓದು ಆ ದಿನದಷ್ಟು ನಿಧಾನವಾಗಿ ಎಂದೂ ಸಾಗಿರಲಿಲ್ಲ. ತೀರ್ಥರೂಪುರವರಿಗೆ ಸಾಷ್ಟಾಂಗ ನಮಸ್ಕಾರ. ಫೋಟೋ ತಲುಪಿತು. ಆಮೇಲಿನ ಸಾಲು:

‘ಅಮ್ಮನಿಗೆ ಹೇಳಿ, ಅಷ್ಟು ಎತ್ತರದಿಂದ ನೀರು ಹುಯ್ಯಬಾರದು. ಮಗುವಿನ ಕಿವಿಗೆ ಹೋಗುತ್ತದೆ. ಇವಳಿಗೂ ಹೇಳಿ, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಹಾಗೆ ಬಾಯಿ ಬಿಟ್ಟು ನಗುತ್ತಾ ಕುಳಿತರೆ ಅದು ಜಾರಿ ಕಲ್ಲಿಗೆ ಬೀಳುತ್ತದೆ. ಬುದ್ಧಿ ಯಾವಾಗ ಬರುತ್ತದೆ ಇವಳಿಗೆ? ನಾನು ಬಂದ ಮೇಲೆ ನೀರು ಹಾಕುವ ಕೆಲಸ ನನಗೇ ಬಿಡಿ.’

ಉಳಿದದ್ದು ಎತ್ತುಗಳ ವಿಚಾರ, ಬಾವಿಯ ನೀರಿನ ವಿಚಾರ. ಯುದ್ಧದ ಮುಂದಿನ ಸಾಲಿಗೆ ಹೋಗುವ ಮಾತು ಎಲ್ಲೂ ಇರಲಿಲ್ಲ. ಕಾಗದವನ್ನು ತಿರುಗಿಸಿ ಹಿಂದೆಯೂ ನೋಡಿದೆ.

ಯಜಮಾನರು ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡರು. “ಬೈದವ್ನಾ ಅವಳನ್ನ?”

“ಚೆನ್ನಾಗಿ ಬೈದಿದಾನೆ.”

“ಅವರಮ್ಮನ್ನೂ?”

“ಮೊದ್ಲು ಅವರನ್ನೇ.”

“ಆ ಬೈದಿರೋ ಕಡೆ ಇನ್ನೊಂದ್ಸಲ ಓದಯ್ಯಾ” ಎಂದು ಒಳಗೆ ಬಂದು, ಫೋಟೋ ತೆಗೆಸಿಕೊಳ್ಳುವವರ ಕುರ್ಚಿಯ ಮೇಲೆ ಆರಾಮವಾಗಿ ಕುಳಿತರು. “ಬಾಯಿಪಾಠ ಮಾಡ್ಕೊಂಡು ಹೋಗ್ತೀನಿ. ಮನೆಗೆ ಹೋಗಿ ಒಂದಕ್ಷರ ಬಿಡ್ದಂಗೆ ಹೇಳ್ಬೇಕು.”